ಟಹೋಮಾ ಪರ್ವತದ ಪ್ರದಕ್ಷಿಣೆ

ದೇವಾಲಯಕ್ಕೆ ಪ್ರದಕ್ಷಿಣೆ ಬರುವವನು ಗರ್ಭಗುಡಿಯನ್ನು ಹೊಗುವುದಿಲ್ಲ. ಹೊರಟ ಎಡೆಗೇ ಮರಳಿದನೆಂದರೆ ಅವನ ಸೇವೆ ಸಂದಂತೆ. ಸಾಹಸಿಗಳಿಗಾದರೋ ಪರ್ವತವೆಂದರೆ ಶಿಖರವೇ ಹೊರತು ಬೇರೆಯಲ್ಲ. ಆದರೆ ಅಮೆರಿಕದ ಸಂಯುಕ್ತ ಸಂಸ್ಥಾನಗಳ ವಾಯವ್ಯ ಮೂಲೆಯಲ್ಲಿ, ವಾಷಿಂಗ್‌ಟನ್ ಸಂಸ್ಥಾನದಲ್ಲಿ, ಶಿಖರದ ಗೊಡವೆಗೆ ಹೋಗದೆ ಪರ್ವತವನ್ನು ಸುತ್ತಿ ಬರುವ ಕಾಲುದಾರಿಯೊಂದುಂಟು. ಅದರ ಉದ್ದ ೯೩ ಮೈಲಿ. ಹೆಸರು ವಂಡರ್‌ಲ್ಯಾಂಡ್ ಟ್ರೈಲ್, ಎಂದರೆ ಅದ್ಭುತ ನಾಡಿನ ಹಾದಿ. ತನಗೆ ಪ್ರಿಯವಾದ ನೆಲವನ್ನು ತನ್ನ ಕಾಲಿನಿಂದಲೇ ಕಾಪಾಡಿಕೊಳ್ಳುವುದನ್ನು ಮನುಷ್ಯನು ಹೇಗೆ ಕಲಿಯಬೇಕಾಯಿತೆಂಬುದೇ ಈ ಹಾದಿಯ ಚರಿತ್ರೆ.

ಪರ್ವತವು ೧೪,೪೧೦ ಅಡಿ ಎತ್ತರದ ಅಗ್ನಿಪರ್ವತ. ಅದರ ಮೈಯೆಲ್ಲ ಹಿಮನದಿಗಳು. ಮೂಲನಿವಾಸಿಗಳ ನುಡಿಯಲ್ಲಿ ಅದು ಟಹೋಮಾ. ೧೭೯೨ರಲ್ಲಿ ಕಡಲ ಕಡೆಯಿಂದ ಅದನ್ನು ಕಂಡ ಆಂಗ್ಲೇಯ ನಾವಿಕ ಜಾರ್ಜ್ ವ್ಯಾಂಕೂವರನು ತನ್ನ ಸ್ನೇಹಿತ ಪೀಟರ್ ರೇನಿಯರನ ಹೆಸರನ್ನು ಅದಕ್ಕಿಟ್ಟನು. ಈ ರೇನಿಯರನು ೧೭೯೪ರಿಂದ ೧೮೦೫ರವರೆಗೆ ಹಿಂದೂಸ್ಥಾನದ ಕಡಲುಗಳಲ್ಲಿ ಆಂಗ್ಲೇಯ ನೌಕಾಬಲದ ಅಧಿಪತಿಯಾಗಿದ್ದವನು. ತನ್ನ ಹೆಸರನ್ನು ಹೊತ್ತ ಪರ್ವತವನ್ನು ಅವನು ಒಮ್ಮೆಯೂ ಕಾಣಲಿಲ್ಲ.

ಕಂಡವರಾದರೋ ನಿಸ್ಕ್ವಾಲಿ, ಪ್ಯುಯಾಲಪ್, ಯಾಕಮಾ ಮೊದಲಾದ ಜನ. ಬೇಸಗೆಯ ಕೊನೆಗೆ ಹಕಲ್‌ಬೆರಿಯೆಂಬ ಕಾಡುಹಣ್ಣನ್ನು ಆಯುವುದಕ್ಕೂ ಬೇಟೆಗೂ ಅವರು ಮೇಲಣ ಹುಲ್ಲುಗಾವಲುಗಳಿಗೆ ಬಂದು, ಚಳಿ ಬೀಳುವ ಮುನ್ನ ಇಳಿದುಹೋಗುತ್ತಿದ್ದರು. ೧೮೫೪ ಮತ್ತು ೧೮೫೫ರ ಒಪ್ಪಂದಗಳು ಅವರ ನೆಲದ ಬಹುಭಾಗವನ್ನು ಸರಕಾರಕ್ಕೆ ಸೇರಿಸಿದವು. ೧೮೭೦ರಲ್ಲಿ ಹ್ಯಾಜರ್ಡ್ ಸ್ಟೀವನ್ಸ್ ಮತ್ತು ವ್ಯಾನ್ ಟ್ರಂಪ್ ಎಂಬಿಬ್ಬರು ಶಿಖರಕ್ಕೆ ಹೊರಟಾಗ, ದಾರಿ ತೋರಿಸಿದ ಸ್ಲುಯಿಸ್ಕಿನ್ ಎಂಬವನು ಮೇಲೆ ಭೂತವಿದೆಯೆಂದು ಹೇಳಿ ಅವರನ್ನು ತಡೆಯಲೆತ್ನಿಸಿದನು. ಬದುಕಿ ಮರಳಿದವರನ್ನು ಕಂಡು ಬೆರಗಾದನು. ಮಾರ್ಗದರ್ಶಕನೆಂದು ಹೆಸರಾದ ಸಟೂಲಿಕ್ ಎಂಬ ಮತ್ತೊಬ್ಬನ ನೆನಪು 'ಇಂಡಿಯನ್ ಹೆನ್ರಿಯ ಬೇಟೆಯ ಬಯಲು' ಎಂಬ ಹುಲ್ಲುಗಾವಲಿನ ಹೆಸರಿನಲ್ಲಿ ಉಳಿದಿದೆ. ಪ್ರದಕ್ಷಿಣೆಯ ಹಾದಿ ಇಂದು ಆ ಬಯಲನ್ನು ಹಾದೇ ಹೋಗುತ್ತದೆ.

೧೮೯೯ರಲ್ಲಿ ಪರ್ವತವು ರಾಷ್ಟ್ರೀಯ ಉದ್ಯಾನವಾಯಿತು. ಕಾನೂನು ಬಂದ ಮಾತ್ರಕ್ಕೆ ಕಾವಲು ಬಂದಂತಾಗಲಿಲ್ಲ. ಕಾಡ್ಗಿಚ್ಚು, ಕಳ್ಳಬೇಟೆಗಳನ್ನು ತಡೆಯಬೇಕಾದರೆ ವನಪಾಲಕರು ಸುತ್ತಲೂ ಸಂಚರಿಸಬೇಕಷ್ಟೆ. ಅದಕ್ಕಾಗಿ ಕಡಿದ ತುಂಡು ಹಾದಿಗಳು ಒಂದಕ್ಕೊಂದು ಕೂಡಿ ೧೯೧೫ರಲ್ಲಿ ಬಳೆಯಾದವು. ಆಗಿನ ಹಾದಿ ಇಂದಿನದಕ್ಕಿಂತ ಉದ್ದವಾಗಿತ್ತು. ಸಿಯಾಟಲ್ ನಗರದಲ್ಲಿ ೧೯೦೬ರಲ್ಲಿ ಸ್ಥಾಪಿತವಾದ 'ಮೌಂಟನಿಯರ್ಸ್' ಸಂಘದ ಸ್ತ್ರೀಪುರುಷರ ದೊಡ್ಡ ತಂಡವೊಂದು ಅದೇ ವರ್ಷ ಪರ್ವತವನ್ನು ಬಳಸಿ ಬಂದಿತು. ಹೀಗೆ ಕಾವಲಿನ ಹಾದಿಯೇ ಯಾತ್ರೆಯ ಹಾದಿಯಾಯಿತು.

ಯಾತ್ರೆ ಸುಲಭದ್ದಲ್ಲ. ಹಿಮನದಿಗಳಿಂದ ಹೊರಟ ಹೊಳೆಗಳು ಪರ್ವತದ ಮೈಯನ್ನು ಆಳವಾಗಿ ಸೀಳಿರುವುದರಿಂದ, ನಡೆವವನು ದಿನವೂ ಒಂದು ಕಣಿವೆಗೆ ಇಳಿದು ಮತ್ತೊಂದು ಏಣನ್ನು ಹತ್ತಬೇಕು. ಹತ್ತಿದ ಅಡಿಗಳನ್ನೆಲ್ಲ ಕೂಡಿದರೆ ಇಪ್ಪತ್ತೆರಡು ಸಾವಿರವಾಗುತ್ತದೆ. ಅನ್ನ, ಹಾಸಿಗೆ, ಗುಡಾರಗಳೆಲ್ಲ ಬೆನ್ನ ಮೇಲೆ. ತೂಗುಸೇತುವೆಯ ಕೆಳಗೆ ಹೊಳೆ ಬೂದುಬಣ್ಣದ ಕೆಸರಾಗಿ ಮೊರೆಯುತ್ತದೆ. ಕಗ್ಗಾಡನ್ನು ದಾಟಿ ಐದಾರು ಸಾವಿರ ಅಡಿಗೇರಿದೊಡನೆ ಮರಗಳು ಕುಳ್ಳಾಗಿ, ಗುಂಪುಗುಂಪಾಗಿ ಚದರಿ, ನಡುವೆ ಹೂವಿನ ಬಯಲುಗಳು ತೆರೆದುಕೊಳ್ಳುತ್ತವೆ. ರಾತ್ರಿ ತಂಗುವಲ್ಲಿ ಕರಡಿಯ ಕೈಗೆ ಸಿಕ್ಕದಂತೆ ಬುತ್ತಿಯನ್ನು ಎತ್ತರದ ಕಂಬಕ್ಕೆ ತೂಗುಹಾಕಬೇಕು.

ಈ ಬಯಲುಗಳಲ್ಲಿ ವರ್ಷದ ಹೆಚ್ಚು ಭಾಗ ಹಿಮವೇ. ಪರ್ವತದ ತೆಂಕಣ ಮೈಯಲ್ಲಿರುವ ಪ್ಯಾರಡೈಸ್ ಎಂಬ ಬಯಲಿನಲ್ಲಿ ೧೯೭೧-೭೨ರ ಚಳಿಗಾಲದಲ್ಲಿ ಬಿದ್ದ ಹಿಮ ೧,೧೨೨ ಅಂಗುಲ! ಜುಲೈ ತಿಂಗಳಲ್ಲಿ ನೆಲ ಬಿಟ್ಟರೆ ಅಕ್ಟೋಬರಿನೊಳಗೆ ಮತ್ತೆ ಮುಸುಕು. ಆ ಅಲ್ಪಾವಧಿಯಲ್ಲೇ ಗಿಡ ಚಿಗುರಿ, ಹೂತು, ಬೀಜ ಕಟ್ಟಬೇಕು. ಆದುದರಿಂದ ತುಳಿದ ಗಾಯ ಅಲ್ಲಿ ವರ್ಷಗಟ್ಟಲೆ ಮಾಯುವುದಿಲ್ಲ.

ಇದನ್ನರಿಯದ ಕಾಲವೂ ಇತ್ತು. ಮೋಟಾರಿನಲ್ಲಿ ಬಂದವರು ಪ್ಯಾರಡೈಸಿನ ಹೂಗಳ ಮೇಲೆಯೇ ಬೀಡುಬಿಟ್ಟರು. ೧೯೩೧ರಲ್ಲಿ ಅಲ್ಲಿ ಗಾಲ್ಫ್ ಮೈದಾನವೂ ಆಯಿತು. ಪರ್ವತದ ಸುತ್ತಲೂ ಮೋಟಾರು ರಸ್ತೆಯನ್ನೇ ಹಾಕಬೇಕೆಂಬ ಯೋಜನೆಯಿತ್ತು. ಪಡುವಣ ಮಗ್ಗುಲಲ್ಲಿ ಒಂದು ಭಾಗವೂ ಸಿದ್ಧವಾಗಿ, ಹಾದಿಯು ಅದಕ್ಕೆ ಎಡೆಗೊಟ್ಟು ಸರಿಯಬೇಕಾಯಿತು. ಪುಣ್ಯವಶಾತ್ ಆ ರಸ್ತೆ ಸುತ್ತು ಮುಗಿಸಲಿಲ್ಲ. ಮುಗಿಸಿದ್ದರೆ ಕಾಲುದಾರಿ ಉಳಿಯುತ್ತಿತ್ತೆನ್ನುವುದು ಕಷ್ಟ. ಬಯಲನ್ನು ಕೆಡಿಸಿದವರು ವೈರಿಗಳಲ್ಲ. ಅದರ ಚೆಲುವಿಗೆ ಮನಸೋತವರೇ.

ತಪ್ಪಿನ ಅರಿವು ನಿಧಾನವಾಗಿ ಬಂದಿತು. ಅಲ್ಲಲ್ಲಿಯ ಗಿಡಗಳಿಂದ ಬೀಜವಾಯ್ದು, ಗಾಜಿನ ಮನೆಯಲ್ಲಿ ಸಸಿ ಬೆಳೆಸಿ, ಅದೇ ಬಯಲಿಗೆ ಒಯ್ದು ನೆಡುವ ಕೆಲಸ ದಶಕಗಳಿಂದ ನಡೆದಿದೆ. ಹಾದಿಯಲ್ಲಿ ತಂಗಬೇಕೆನ್ನುವವರು ಮುಂಚಿತವಾಗಿ ಅನುಮತಿ ಪಡೆದು, ಗೊತ್ತುಮಾಡಿದ ಎಡೆಗಳಲ್ಲೇ ಬೀಡುಬಿಡಬೇಕು. ದಾರಿ ಬಿಟ್ಟು ಹೂವಿನೊಳಗೆ ಕಾಲಿಡಬಾರದೆಂಬುದು ಅಲ್ಲಿಯ ಮೊದಲ ಕಟ್ಟಳೆ.

ಪರ್ವತವೂ ತನ್ನ ಕಟ್ಟಳೆಯನ್ನು ಆಗಾಗ ನೆನಪಿಸುತ್ತದೆ. ೨೦೦೬ರ ನವೆಂಬರಿನಲ್ಲಿ ೩೬ ಗಂಟೆಗಳಲ್ಲಿ ಸುಮಾರು ೧೮ ಅಂಗುಲ ಮಳೆ ಸುರಿದು, ರಸ್ತೆಗಳೂ ಹಾದಿಯ ಸೇತುವೆಗಳೂ ಕೊಚ್ಚಿಹೋದವು. ಉದ್ಯಾನವನ್ನು ಆರು ತಿಂಗಳು ಮುಚ್ಚಬೇಕಾಯಿತು. ಆಮೇಲೆ ಸ್ವಯಂಸೇವಕರು ಗುದ್ದಲಿ ಹಿಡಿದು ಬಂದರು. ಮುರಿದ ಬಳೆ ಮತ್ತೆ ಕೂಡಿತು. ಒಂದು ಕಾಲದಲ್ಲಿ ವನಪಾಲಕರು ಪರ್ವತವನ್ನು ಕಾಯಲು ಕಡಿದ ಹಾದಿ ಅದು. ಅದನ್ನು ಬಿಟ್ಟು ಕದಲದ ಪ್ರತಿ ನಡೆಗಾರನೂ ಇಂದು ಆ ಕಾವಲಿನಲ್ಲಿ ಪಾಲುಗಾರ. ಹಕಲ್‌ಬೆರಿಯ ಕಾಲ ತೀರಿದೊಡನೆ ಇಳಿದುಹೋಗುತ್ತಿದ್ದ ಹಿಂದಿನ ಜನರಂತೆಯೇ, ಅವನೂ ಹಿಮ ಬೀಳುವ ಮುನ್ನ ಹೊರಟ ಎಡೆಗೆ ಮರಳುತ್ತಾನೆ.