ಹಳೇ ಕಾರಿನ ಸ್ಟಿಯರಿಂಗ್ ‘ಆಟ’

ಹಳೆಯ ಅಂಬಾಸಿಡರ್ ಅಥವಾ ಫಿಯಟ್ ಕಾರು ಓಡಿಸಿದವರಿಗೆ ಇದು ಗೊತ್ತಿರುವ ಸಂಗತಿಯೇ. ರಸ್ತೆ ನೇರವಾಗಿರುತ್ತದೆ, ಆದರೂ ಕೈ ಸುಮ್ಮನಿರುವಂತಿಲ್ಲ. ಸ್ಟಿಯರಿಂಗ್ ಚಕ್ರವನ್ನು ಎಡಕ್ಕಿಷ್ಟು, ಬಲಕ್ಕಿಷ್ಟು ಆಡಿಸುತ್ತಲೇ ಇರಬೇಕು. ಕೈ ಒಂದು ಅಂಗುಲ ತಿರುಗಿದರೂ ಮುಂದಿನ ಗಾಲಿಗೆ ಸುದ್ದಿಯೇ ಮುಟ್ಟಿರುವುದಿಲ್ಲ. ಮೆಕ್ಯಾನಿಕ್‌ಗಳು ಇದನ್ನು ‘ಪ್ಲೇ’ ಎನ್ನುತ್ತಾರೆ. ಕನ್ನಡದಲ್ಲಿ ‘ಆಟ’ ಎಂದರೂ ಅರ್ಥ ಕೆಡುವುದಿಲ್ಲ.

ಖಾಲಿ ಹಳ್ಳಿ ದಾರಿಯಲ್ಲಿ ಈ ಆಟ ಸಹ್ಯವಾಗಬಹುದು, ಹೆಬ್ಬಗೋಡಿಯಲ್ಲಿ ಸಾಧ್ಯವಿಲ್ಲ. ಒಂದು ಕಡೆ ಎಲೆಕ್ಟ್ರಾನಿಕ್ ಸಿಟಿ, ಇನ್ನೊಂದು ಕಡೆ ಬೊಮ್ಮಸಂದ್ರ ಕೈಗಾರಿಕಾ ಪ್ರದೇಶ, ನಡುವೆ ಹೊಸೂರು ರಸ್ತೆ. ಲಾರಿ, ಕಂಪನಿ ಬಸ್ಸು, ಸ್ಕೂಟರುಗಳ ಸಾಲಿನಲ್ಲಿ ಒಂದಡಿ ಅತ್ತಿತ್ತ ಆದರೂ ಅನಾಹುತವೇ. 2010ರಲ್ಲಿ ಎಲೆಕ್ಟ್ರಾನಿಕ್ ಸಿಟಿವರೆಗೆ ಮೇಲ್ಸೇತುವೆ ಬಂತು, 2025ರ ಆಗಸ್ಟ್‌ನಲ್ಲಿ ಹೆಬ್ಬಗೋಡಿಯ ಮೇಲೆಯೇ ಮೆಟ್ರೊ ಓಡಿತು. ಕೆಳಗಿನ ರಸ್ತೆಯ ದಟ್ಟಣೆ ಮಾತ್ರ ಹಾಗೇ ಉಳಿದಿದೆ.

ಅಷ್ಟಕ್ಕೂ ಈ ಆಟ ಎಲ್ಲಿಂದ ಬರುತ್ತದೆ? ಎತ್ತಿನ ಗಾಡಿಗೆ ಈ ತೊಂದರೆ ಇರಲಿಲ್ಲ. ಎರಡು ಗಾಲಿಯೂ ಅಚ್ಚಿನ ಮೇಲೆ ತಮ್ಮಷ್ಟಕ್ಕೆ ಸುತ್ತುತ್ತವೆ, ದಿಕ್ಕು ಬದಲಿಸುವ ಹೊಣೆ ಎತ್ತುಗಳದ್ದು. ಹೆಬ್ಬಗೋಡಿಗೆ ಸಮೀಪದ ಹುಸ್ಕೂರು ಮದ್ದೂರಮ್ಮನ ಜಾತ್ರೆಗೆ ಬರುವ ನೂರಡಿ ಮೀರಿದ ಕುರ್ಜುಗಳಿಗೂ ಸ್ಟಿಯರಿಂಗ್ ಇಲ್ಲ. ಎಳೆಯುವವರೂ ಹಗ್ಗ ಹಿಡಿದವರೂ ಸೇರಿಯೇ ಅದನ್ನು ದಾರಿಗೆ ತರಬೇಕು.

ತೊಡಕು ಶುರುವಾದದ್ದು ನಾಲ್ಕು ಗಾಲಿಯ ಸಾರೋಟಿನಿಂದ. ಅದರ ಮುಂದಿನ ಅಚ್ಚು ನಡುವಿನ ಒಂದೇ ಗೂಟದ ಮೇಲೆ ಇಡಿಯಾಗಿ ತಿರುಗುತ್ತಿತ್ತು. ತಿರುವು ಕಡಿದಾದರೆ ಸಾರೋಟು ಮಗುಚುವ ಭಯ. ಮ್ಯೂನಿಕ್ ನಗರದ ಗಾಡಿ ತಯಾರಕ ಲಾಂಕೆನ್‌ಸ್ಪರ್ಗರ್ ಅಚ್ಚನ್ನು ಅಲುಗಿಸದೆ, ಅದರ ಎರಡು ತುದಿಗಳಲ್ಲಿ ಗಾಲಿಗಳು ಮಾತ್ರ ತಿರುಗುವಂತೆ ಮಾಡಿದ. ತಿರುವಿನ ಒಳಬದಿಯ ಗಾಲಿ ಸಣ್ಣ ವೃತ್ತದಲ್ಲಿ ಸಾಗುವುದರಿಂದ ಅದು ಹೆಚ್ಚು ತಿರುಗಬೇಕು, ಹೊರಗಿನದು ಕಡಿಮೆ. 1818ರಲ್ಲಿ ಲಂಡನ್ನಿನಲ್ಲಿ ಇದಕ್ಕೆ ಪೇಟೆಂಟ್ ಪಡೆದವನು ಅವನ ಪ್ರತಿನಿಧಿ ಅಕರ್‌ಮನ್. ಕಂಡುಹಿಡಿದವನೊಬ್ಬ, ಹೆಸರು ಉಳಿದದ್ದು ಇನ್ನೊಬ್ಬನದು! ಇಂದಿನ ಕಾರುಗಳೂ ಮೂಲತಃ ಇದೇ ತತ್ವವನ್ನು ಅನುಸರಿಸುತ್ತವೆ. ಎರಡು ಗಾಲಿಗಳನ್ನು ಹೀಗೆ ಬೇರೆ ಬೇರೆಯಾಗಿ ತಿರುಗಿಸಬೇಕಾದರೆ ಸರಳು, ಕೀಲು, ಬುಷ್‌ಗಳ ಸರಪಣಿಯೇ ಬೇಕು. ಪ್ರತಿ ಕೀಲೂ ಕೂದಲೆಳೆಯಷ್ಟು ಸವೆದರೂ ಸಾಕು, ಎಲ್ಲವೂ ಕೂಡಿ ಚಾಲಕನ ಕೈಯಲ್ಲಿ ಅಂಗುಲವಾಗುತ್ತದೆ.

ಕಲ್ಕತ್ತೆಯ ಬಳಿಯ ಉತ್ತರಪಾರಾದಲ್ಲಿ 1957ರಿಂದ 2014ರವರೆಗೆ ತಯಾರಾದ ಅಂಬಾಸಿಡರ್, ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಪಡಿಯಚ್ಚು. ಅದರಲ್ಲಿದ್ದದ್ದು ರ್‍ಯಾಕ್ ಅಂಡ್ ಪಿನಿಯನ್, ಅಂದರೆ ಹಲ್ಲಿನ ಸರಳು ಮತ್ತು ಪುಟ್ಟ ಗಿಯರು. ಮುಂಬಯಿಯ ಫಿಯಟ್, ಅಂದರೆ ಮುಂದೆ ಪ್ರೀಮಿಯರ್ ಪದ್ಮಿನಿಯಾದ ಕಾರಿನಲ್ಲಿ, ತಿರುಪಿನಂಥ ‘ವರ್ಮ್’ ಇರುವ ಸ್ಟಿಯರಿಂಗ್ ಬಾಕ್ಸು.

ಈ ಪ್ರೀಮಿಯರ್ ಕಂಪನಿಯ ಹಿಂದೆ ಕನ್ನಡಿಗರು ನೆನೆಯಬೇಕಾದ ಕಥೆಯೊಂದಿದೆ. ಭಾರತದಲ್ಲೇ ಕಾರು ತಯಾರಾಗಬೇಕೆಂದು 1930ರ ದಶಕದಲ್ಲಿ ಹಟ ಹಿಡಿದವರು ಸರ್ ಎಂ. ವಿಶ್ವೇಶ್ವರಯ್ಯ. ಯುರೋಪ್, ಅಮೆರಿಕಗಳ ಕಾರ್ಖಾನೆಗಳನ್ನು ನೋಡಿ ಬಂದು ಯೋಜನೆ ಸಿದ್ಧಪಡಿಸಿದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಜೊತೆಗೂಡಿದರು, ಮೈಸೂರು ಸರ್ಕಾರವೂ ನೆರವಿಗೆ ಮುಂದಾಯಿತು. ಬ್ರಿಟಿಷರ ಭಾರತ ಸರ್ಕಾರ ಮಾತ್ರ ಸಹಕರಿಸಲಿಲ್ಲ. 1940ರಲ್ಲಿ ವಾಲ್‌ಚಂದ್ ಮತ್ತು ಮೈಸೂರು ಸಂಸ್ಥಾನ ಸೇರಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆಯನ್ನೇ ಕಟ್ಟಿದರು. ಕಾರಿನ ಕಂಪನಿ ಹುಟ್ಟಿದ್ದು 1944ರಲ್ಲಿ, ಮುಂಬಯಿಯಲ್ಲಿ. ವಿಮಾನ ಮಾಡಬಲ್ಲ ಊರಿಗೆ ಕಾರು ದಕ್ಕಲಿಲ್ಲವೆಂಬುದು ವಿಚಿತ್ರವೇ ಸರಿ.

ಇನ್ನು ರಿಪೇರಿಯ ವಿಷಯ. ಬಾಕ್ಸಿನ ಮೇಲೊಂದು ಅಡ್ಜಸ್ಟಿಂಗ್ ಸ್ಕ್ರೂ ಇರುತ್ತದೆ. ಅವಸರದವರು ಮೊದಲು ಕೈಹಾಕುವುದು ಅದಕ್ಕೇ. ಎರಡು ಸುತ್ತು ಬಿಗಿ ಮಾಡಿದರೆ ಆಟ ಮಾಯ, ಗಿರಾಕಿಗೂ ಸಂತೋಷ. ಆದರೆ ಕಾರು ಹೆಚ್ಚಾಗಿ ಓಡುವುದು ನೇರ ದಾರಿಯಲ್ಲಿ, ಆದ್ದರಿಂದ ವರ್ಮ್ ಸವೆಯುವುದೂ ನಟ್ಟನಡುವೆಯೇ. ಅಲ್ಲಿಗೆ ಸರಿಯಾಗುವಂತೆ ಬಿಗಿ ಮಾಡಿದರೆ, ಸವೆಯದ ಎರಡೂ ಬದಿಗಳಲ್ಲಿ ಹಿಡಿದುಕೊಳ್ಳುತ್ತದೆ. ತಿರುವು ಮುಗಿದರೂ ಚಕ್ರ ತಾನಾಗಿ ಹಿಂದಕ್ಕೆ ಬರುವುದಿಲ್ಲ. ಸಡಿಲ ಸ್ಟಿಯರಿಂಗ್‌ಗಿಂತ ಇದು ಹೆಚ್ಚು ಅಪಾಯ.

ಪಳಗಿದ ಮೆಕ್ಯಾನಿಕ್ ಸ್ಕ್ರೂವಿಗೆ ಕೊನೆಗೆ ಬರುತ್ತಾನೆ. ಮೊದಲು ಟೈರಿನ ಗಾಳಿ ನೋಡುತ್ತಾನೆ. ಬಳಿಕ ಹುಡುಗನೊಬ್ಬನನ್ನು ಸೀಟಿನಲ್ಲಿ ಕೂರಿಸಿ, ಚಕ್ರವನ್ನು ಮೆಲ್ಲಗೆ ಅತ್ತಿತ್ತ ಆಡಿಸಲು ಹೇಳಿ ತಾನು ಕಾರಿನಡಿ ಮಲಗುತ್ತಾನೆ. ಒಂದೊಂದೇ ಕೀಲಿನ ಮೇಲೆ ಕೈಯಿಟ್ಟರೆ, ಸರಳು ಅಲುಗಿಯೂ ಅದರ ಮುಂದಿನದು ಅಲುಗದ ಜಾಗ ಬೆರಳಿಗೆ ತಿಳಿಯುತ್ತದೆ. ಹಲವು ಸಲ ಕಳ್ಳ ಸಿಗುವುದು ಟೈ ರಾಡ್ ಎಂಡ್‌ನಲ್ಲಿ, ಫಿಯಟ್ ಆದರೆ ಐಡ್ಲರ್ ಆರ್ಮ್‌ನ ಬುಷ್‌ನಲ್ಲಿ. ಬಾಕ್ಸನ್ನು ಚಾಸಿಸ್‌ಗೆ ಹಿಡಿದ ಬೋಲ್ಟುಗಳೇ ಸಡಿಲಾಗಿರುವುದೂ ಉಂಟು. ಗಾಲಿಯನ್ನು ಜಾಕ್ ಮೇಲೆತ್ತಿ, ಮೇಲೂ ಕೆಳಗೂ ಹಿಡಿದು ಅಲುಗಾಡಿಸಿದರೆ ಕಿಂಗ್ ಪಿನ್ ಅಥವಾ ಬೇರಿಂಗ್ ಸವೆತ ಗೊತ್ತಾಗುತ್ತದೆ. ಅಂಬಾಸಿಡರಿನ ರ್‍ಯಾಕ್‌ನ ರಬ್ಬರ್ ತೊಗಲು ಹರಿದಿದ್ದರೆ ಧೂಳು, ನೀರು ಒಳಹೊಕ್ಕು ಹಲ್ಲುಗಳನ್ನು ತಿಂದಿರುತ್ತದೆ. ಆಗ ಶಿಮ್ ತೆಗೆದು ಬಿಗಿ ಮಾಡುವುದು ತಾತ್ಕಾಲಿಕ ಉಪಾಯ ಅಷ್ಟೆ.

ಈ ಕಾರುಗಳು ನಿಂತುಹೋಗಿ ವರ್ಷಗಳಾದ್ದರಿಂದ ಬಿಡಿಭಾಗ ಹುಡುಕುವುದೇ ಅರ್ಧ ಕೆಲಸ. ಜೆ.ಸಿ. ರಸ್ತೆಯ ಅಂಗಡಿಗಳು, ಅಲ್ಲಿ ಸಿಗದಿದ್ದರೆ ಶಿವಾಜಿನಗರದ ಗುಜರಿ. ಗುಜರಿಯ ಮಾಲು ಎಂಜಿನ್ನಿಗೆ ನಡೆದೀತು, ಸ್ಟಿಯರಿಂಗ್‌ಗೆ ಸಲ್ಲದು. ಮತ್ತೊಬ್ಬರ ಕಾರಿನಲ್ಲಿ ಸವೆದ ಕೀಲನ್ನು ದುಡ್ಡು ಕೊಟ್ಟು ತಂದಂತಾಗುತ್ತದೆ.

ಹೊಸ ಟೈ ರಾಡ್ ಎಂಡ್ ಕೂರಿಸಿದ ಮೇಲೆ ಅದರ ನಟ್ಟಿಗೆ ಸ್ಪ್ಲಿಟ್ ಪಿನ್ ಹಾಕಿ ಮಡಿಸಬೇಕು. ಎತ್ತಿನ ಗಾಡಿಯ ಗಾಲಿ ಕಳಚದಂತೆ ಕಡಾಣಿ ಮಾಡುವ ಕೆಲಸವನ್ನೇ ಇಲ್ಲಿ ಈ ತಂತಿಯ ತುಂಡು ಮಾಡುತ್ತದೆ. ಹಳೆಯ ಪಿನ್ನನ್ನೇ ನೇರ ಮಾಡಿ ಮತ್ತೆ ತೂರಿಸಿದರೆ ಅದು ಮುರಿಯುತ್ತದೆ, ನಟ್ಟು ಬಿಚ್ಚಿಕೊಳ್ಳುತ್ತದೆ, ಗಾಲಿ ತನ್ನ ದಾರಿ ಹಿಡಿಯುತ್ತದೆ. ಅದಾದ ಬಳಿಕ ವೀಲ್ ಅಲೈನ್‌ಮೆಂಟ್. ಅದನ್ನು ಬಿಟ್ಟರೆ ಟೈರಿನ ಒಂದು ಅಂಚು ಬೇಗನೆ ಬೋಳಾಗುತ್ತದೆ.