ತಾನ್ಯಾಳ ಒಂಬತ್ತು ಪುಟ

ಎರಡನೇ ಮಹಾಯುದ್ಧದ ಲೆನಿನ್‌ಗ್ರಾಡ್ ಮುತ್ತಿಗೆಯಲ್ಲಿ ಸಿಕ್ಕಿಬಿದ್ದ ಹುಡುಗಿ ತಾನ್ಯಾ ಸವಿಚೆವಾ. ಅವಳ ದಿನಚರಿ ಒಂಬತ್ತೇ ಪುಟ. ಆರು ಪುಟಗಳಲ್ಲಿ ಸತ್ತವರ ಹೆಸರು, ತಾರೀಖು, ಗಂಟೆ. ಇಷ್ಟರಲ್ಲಿ ಹುಡುಕುವುದೇನಿದೆ ಎಂದುಕೊಂಡೇ ಕೈಹಾಕಿದೆ.

ಮೊದಲ ತೊಡಕು ಅಜ್ಜಿಯದು. ತಾನ್ಯಾ ಬರೆದದ್ದು 1942ರ ಜನವರಿ 25. ಸರ್ಕಾರಿ ಮರಣಪತ್ರದಲ್ಲಿರುವುದು ಫೆಬ್ರವರಿ 1. ಮೊಹರು ಬಿದ್ದ ಕಾಗದವನ್ನೇ ನಂಬುವುದು ನಮ್ಮ ರೂಢಿ. ಆದರೆ ರೇಷನ್ ಕಾರ್ಡು ತಿಂಗಳ ಕೊನೆಯವರೆಗೆ ನಡೆಯುತ್ತಿತ್ತು. ಆ ಚಳಿಗಾಲದಲ್ಲಿ ಅವಲಂಬಿತರ ಪಾಲು ದಿನಕ್ಕೆ 125 ಗ್ರಾಂ ಬ್ರೆಡ್ಡಿಗೂ ಇಳಿದಿತ್ತು. ತನ್ನ ಕಾರ್ಡನ್ನು ಕಳೆಯಬೇಡಿ ಎಂದು ಸಾಯುವ ಮುಂಚೆ ಅಜ್ಜಿಯೇ ಕೇಳಿಕೊಂಡಿದ್ದಳಂತೆ. ಹಾಗಾಗಿ ಮಗುವಿನ ತಾರೀಖನ್ನೇ ಒಪ್ಪುತ್ತೇನೆ.

ನ್ಯೂರೆಂಬರ್ಗ್ ವಿಚಾರಣೆಯಲ್ಲಿ ಈ ಪುಸ್ತಕ ಸಾಕ್ಷ್ಯವಾಗಿತ್ತು ಎಂಬ ಮಾತು ಬಹಳ ಕಡೆ ಕಾಣುತ್ತದೆ. ಹಾಗಿದ್ದರೆ ಅದು ನ್ಯಾಯಾಲಯದ ಕಡತದಲ್ಲೇ ಉಳಿಯಬೇಕಿತ್ತು. ಮೂಲಪ್ರತಿ ಇರುವುದು ಲೆನಿನ್‌ಗ್ರಾಡಿನಲ್ಲೇ, ಅಂದರೆ ಈಗಿನ ಸೇಂಟ್ ಪೀಟರ್ಸ್‌ಬರ್ಗಿನ ಇತಿಹಾಸ ಮ್ಯೂಸಿಯಮ್ಮಿನಲ್ಲಿ. ಆ ಮಾತನ್ನು ಬದಿಗಿಟ್ಟೆ.

ಈ ದಿನಚರಿಯನ್ನು ಓದುವ ದಾರಿ ಕಂಡದ್ದು ಪುಟಗಳ ಚಿತ್ರಗಳನ್ನು ಮತ್ತೆ ನೋಡುವಾಗ. ಅದು ಅಕ್ಕ ನೀನಾಳ ಟಿಪ್ಪಣಿ ಪುಸ್ತಕ. ಅರ್ಧ ಭಾಗದಲ್ಲಿ ಅವಳ ಕೆಲಸದ ಬರಹ. ಉಳಿದರ್ಧದ ಪುಟಗಳಿಗೆ ವಿಳಾಸ ಪುಸ್ತಕದಂತೆ ಒಂದೊಂದು ಅಕ್ಷರ. ಮುದ್ರಣದಲ್ಲಿ ಪುಟಗಳನ್ನು ತಾರೀಖಿನ ಕ್ರಮದಲ್ಲಿ ಜೋಡಿಸುವುದರಿಂದ ಇದು ಕಣ್ಣಿಗೆ ಬೀಳುವುದಿಲ್ಲ. ಅಕ್ಕ ಝೆನ್ಯಾ ಸತ್ತಾಗ ತಾನ್ಯಾ ‘ಝ’ ಹುಡುಕಿದಳು, ಅಮ್ಮ ಸತ್ತಾಗ ‘ಮ’. ಮನಸ್ಸು ತೋಡಿಕೊಳ್ಳಲು ಅಲ್ಲ, ಲೆಕ್ಕ ಇಡಲು ಕೂತಿದ್ದಳು ಅನ್ನಿಸುತ್ತದೆ.

ಕೊನೆಯ ಮೂರು ಪುಟಗಳಿಗೆ ತಾರೀಖೇ ಇಲ್ಲ. ಮೇ 13ರಂದು ಅಮ್ಮ ಸತ್ತ ಮೇಲಿನವು ಎಂದಷ್ಟೇ ಹೇಳಬಹುದು. ಅಲ್ಲೂ ಅಕ್ಷರ ನೋಡಿಯೇ ಬರೆದಿದ್ದಾಳೆ: ಮನೆಯವರೆಲ್ಲ ಹೋದರು, ಉಳಿದವಳು ತಾನೊಬ್ಬಳೇ ಎಂದು. ಅದು ನಿಜವಲ್ಲ. ನೀನಾಳನ್ನು ಫೆಬ್ರವರಿ ಕೊನೆಯಲ್ಲಿ ಕಾರ್ಖಾನೆಯವರ ಜೊತೆ ಲಾಡೋಗಾ ಸರೋವರ ದಾಟಿಸಿದ್ದರು. ಮನೆಗೆ ಸುದ್ದಿ ಮುಟ್ಟಿರಲಿಲ್ಲ. ಅಣ್ಣ ಮಿಖಾಯಿಲ್ ಮುತ್ತಿಗೆಯ ಹೊರಗಿದ್ದ. ಅಜ್ಜಿಯ ವಿಷಯದಲ್ಲಿ ಕಚೇರಿಗಿಂತ ಸರಿಯಿದ್ದ ಪುಸ್ತಕ ಇಲ್ಲಿ ತಪ್ಪಿದೆ. ಈ ತಪ್ಪನ್ನು ನಾನು ತಿದ್ದಲಾರೆ. ಆ ಮನೆಯೊಳಗೆ ಕೂತವಳಿಗೆ ಗೊತ್ತಾಗಬಹುದಾಗಿದ್ದದ್ದು ಎಷ್ಟು ಎಂಬುದಕ್ಕೆ ನಮಗಿರುವ ಪುರಾವೆ ಅದೇ.

ತಾನ್ಯಾ 1944ರ ಜುಲೈ 1ರಂದು ಶಾಟ್ಕಿಯ ಆಸ್ಪತ್ರೆಯಲ್ಲಿ ತೀರಿಕೊಂಡಳು. ನೀನಾ ಊರಿಗೆ ಮರಳಿದಳು, ಆ ಪುಸ್ತಕವನ್ನು ನೋಡಿದಳು, 2013ರವರೆಗೆ ಬದುಕಿದ್ದಳು.