ಟಿಕೆಟ್ ತಗೋಬಹುದು, ಟಿಕೆಟ್ ಕೊಡೋ ಹಾಗಿಲ್ಲ: ಬ್ರಿಸ್ಟಲ್ ಬಸ್ ಬಹಿಷ್ಕಾರ, 1963

ಬಸ್ಸು, ವರ್ಣಭೇದ ಅಂದ ಕೂಡಲೇ ನಮಗೆಲ್ಲ ನೆನಪಾಗೋದು ಅಮೆರಿಕದ ಮಾಂಟ್ಗೊಮೆರಿ ಮತ್ತು ರೋಸಾ ಪಾರ್ಕ್ಸ್. ನಮ್ಮ ಸಭೆಗಳಲ್ಲಿ ಆ ಕತೆ ಹೇಳ್ತಾನೇ ಇರ್ತೀವಿ. ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಬಸ್ ಹೋರಾಟದ ಬಗ್ಗೆ ಮಾತಾಡೋರು ಕಡಿಮೆ. ನನ್ನ ಪ್ರಕಾರ ನಮಗೆ ಇನ್ನೂ ಹತ್ತಿರದ ಪಾಠ ಇರೋದು ಅಲ್ಲಿ.

ಮಾಂಟ್ಗೊಮೆರಿಯ ಹೋರಾಟ ಮುಖ್ಯವಾಗಿ ಸೀಟಿನದು. ಬ್ರಿಸ್ಟಲ್‌ನಲ್ಲಿ ಕಪ್ಪು ಜನ ಬಸ್ ಹತ್ತಬಹುದಿತ್ತು, ಎಲ್ಲಿ ಬೇಕಾದರೂ ಕೂರಬಹುದಿತ್ತು. ಆದರೆ ಕಂಡಕ್ಟರ್ ಆಗಿ ಟಿಕೆಟ್ ಕೊಡೋಕೆ, ಡ್ರೈವರ್ ಆಗಿ ಸ್ಟೀರಿಂಗ್ ಹಿಡಿಯೋಕೆ ಬಿಡ್ತಿರಲಿಲ್ಲ. ವರ್ಕ್‌ಶಾಪ್, ಕ್ಯಾಂಟೀನುಗಳಲ್ಲಿ ಕೆಳದರ್ಜೆ ಕೆಲಸ ಕೊಡ್ತಿದ್ರು. ಇದೇನು ಖಾಸಗಿ ಕಂಪನಿಯಲ್ಲ. ಬ್ರಿಸ್ಟಲ್ ಆಮ್ನಿಬಸ್ ಕಂಪನಿ 1950ರಿಂದ ಸರ್ಕಾರದ ಒಡೆತನದಲ್ಲಿತ್ತು.

ಬರೀ ಆಡಳಿತವನ್ನ ಬೈದ್ರೆ ಅರ್ಧ ಸತ್ಯ ಹೇಳಿದ ಹಾಗೆ. 1955ರಲ್ಲೇ ಸಾರಿಗೆ ಕಾರ್ಮಿಕ ಸಂಘದ ಬಸ್ ವಿಭಾಗ, 'ಬಣ್ಣದವರನ್ನ' ಬಸ್ ಸಿಬ್ಬಂದಿಯಾಗಿ ತಗೋಬಾರದು ಅಂತ ಠರಾವು ಮಾಡಿತ್ತು. ಮೂಲ ಸಂಬಳ ಕಡಿಮೆ, ಓವರ್‌ಟೈಮಿಂದಲೇ ಮನೆ ನಡೀಬೇಕು. ಹೊಸಬರು ಬಂದ್ರೆ ಅದೂ ಹೋಗುತ್ತೆ ಅನ್ನೋ ಭಯ. ಹೊಟ್ಟೆಪಾಡಿನ ಭಯ ಸುಳ್ಳಲ್ಲ. ಆದರೆ ಅದು ಸಂಬಳ ಕೊಡೋರ ಮೇಲೆ ತಿರುಗದೆ ತಮಗಿಂತ ಕೆಳಗಿದ್ದವರ ಮೇಲೆ ತಿರುಗಿತು.

ಜಮೈಕಾದಿಂದ ಬಂದಿದ್ದ ಓವನ್ ಹೆನ್ರಿ, ರಾಯ್ ಹ್ಯಾಕೆಟ್, ಆಡ್ಲಿ ಇವಾನ್ಸ್, ಪ್ರಿನ್ಸ್ ಬ್ರೌನ್ ಸೇರಿ ಸಂಘಟನೆ ಕಟ್ಟಿದರು. ಯುವಜನ ಅಧಿಕಾರಿಯಾಗಿದ್ದ ಪಾಲ್ ಸ್ಟೀಫನ್ಸನ್ ಜೊತೆಯಾದರು. ಭೇದ ಇದೆ ಅನ್ನೋಕೆ ಸಾಕ್ಷಿ ಬೇಕಲ್ಲ? ಗೈ ಬೇಯ್ಲಿ ಅನ್ನೋ ಯುವಕನಿಗೆ ಸಂದರ್ಶನ ಗೊತ್ತುಮಾಡಿದರು. ಕೆಲಸ ಖಾಲಿ ಇತ್ತು, ಹುಡುಗನಿಗೆ ಅರ್ಹತೆಯೂ ಇತ್ತು. ವೆಸ್ಟ್ ಇಂಡಿಯನ್ ಅಂತ ಗೊತ್ತಾದ ಕೂಡಲೇ ಸಂದರ್ಶನ ರದ್ದು!

1963ರ ಏಪ್ರಿಲ್ 30ರಿಂದ ಬಹಿಷ್ಕಾರ. ನಗರದಲ್ಲಿದ್ದ ವೆಸ್ಟ್ ಇಂಡಿಯನ್ನರು ಸುಮಾರು 3,000 ಜನ ಅಷ್ಟೇ. ಅವರಿಗೆ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು, ರಾಜಕಾರಣಿ ಟೋನಿ ಬೆನ್ ಬೆಂಬಲ ಕೊಟ್ಟರು. ಆಗಸ್ಟ್ 28ರಂದು ಕಂಪನಿ ಮಣಿಯಿತು. ಅದೇ ದಿನ ವಾಷಿಂಗ್ಟನ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ತಮ್ಮ ಕನಸಿನ ಭಾಷಣ ಮಾಡಿದ್ದು. ಸೆಪ್ಟೆಂಬರ್ 17ರಂದು ಬ್ರಿಸ್ಟಲ್‌ನ ಮೊದಲ ಬಿಳಿಯರಲ್ಲದ ಕಂಡಕ್ಟರ್ ಕೆಲಸಕ್ಕೆ ಬಂದರು. ಹೆಸರು ರಘಬೀರ್ ಸಿಂಗ್, ಸಿಖ್ಖರು. ಕಪ್ಪು ಜನ ಕಟ್ಟಿದ ಹೋರಾಟದ ಮೊದಲ ಫಲ ನಮ್ಮ ಕಡೆಯವರಿಗೆ ಸಿಕ್ಕಿತು ನೋಡಿ.

ದುಡಿಯೋರ ಮಧ್ಯದ ಈ ಗೋಡೆಯನ್ನ ಬಾಬಾಸಾಹೇಬರು 1938ರಲ್ಲೇ ಮನ್ಮಾಡ್‌ನ ದಲಿತ ರೈಲ್ವೆ ಕಾರ್ಮಿಕರ ಸಮಾವೇಶದಲ್ಲಿ ತೋರಿಸಿದ್ದರು. ದಲಿತ ಗ್ಯಾಂಗ್‌ಮನ್ ಆಗಿಯೇ ಉಳೀಬೇಕು, ಪೋರ್ಟರ್ ಆಗೋ ಹಾಗಿಲ್ಲ, ಯಾಕಂದ್ರೆ ಪೋರ್ಟರ್ ಸ್ಟೇಷನ್ ಮಾಸ್ತರರ ಮನೆಗೆಲಸಕ್ಕೂ ಹೋಗಬೇಕಲ್ಲ! ಹತ್ತಿ ಗಿರಣಿಯ ನೇಯ್ಗೆ ವಿಭಾಗದಲ್ಲೂ ಇದೇ ಕತೆ. ಬ್ರಾಹ್ಮಣಶಾಹಿ, ಬಂಡವಾಳಶಾಹಿ ಎರಡೂ ಕಾರ್ಮಿಕರ ಶತ್ರುಗಳು ಅಂತ ಅವರು ಹೇಳಿದ್ದು ಅಲ್ಲೇ.

ನಾನೂ ಗುಮಾಸ್ತ, ನೌಕರರ ಸಂಘಕ್ಕೆ ಚಂದಾ ಕಟ್ಟೋನು. ತುಟ್ಟಿಭತ್ಯೆ ಅಂದ್ರೆ ಸಭೆಯಲ್ಲಿ ಎಲ್ಲರೂ ಒಂದು. ಬ್ಯಾಕ್‌ಲಾಗ್ ಹುದ್ದೆ, ಬಡ್ತಿ ಮೀಸಲಾತಿ ಅಂದ ತಕ್ಷಣ "ಅದನ್ನ ನಿಮ್ಮ ಎಸ್‌ಸಿ ಎಸ್‌ಟಿ ಸಂಘದಲ್ಲಿ ಮಾತಾಡ್ಕೊಳ್ಳಿ ಸಾರ್" ಅಂತಾರೆ. ಬ್ರಿಸ್ಟಲ್‌ನ ಠರಾವು ಕಾಗದದ ಮೇಲಿತ್ತು, ನಮ್ಮದು ಬಾಯಲ್ಲಿದೆ.

ಬ್ರಿಟನ್ನಿನಲ್ಲಿ 1965ರಲ್ಲಿ ವರ್ಣಭೇದ ತಡೆಯುವ ಮೊದಲ ಕಾಯ್ದೆ ಬಂತು. ಆದರೆ ಬ್ರಿಸ್ಟಲ್‌ನವರು ಹೋರಾಡಿದ ಉದ್ಯೋಗದ ಪ್ರಶ್ನೆ ಕಾಯ್ದೆಯೊಳಗೆ ಬಂದಿದ್ದು 1968ರಲ್ಲಿ. ಆ ಕಾರ್ಮಿಕ ಸಂಘದ ಇಂದಿನ ರೂಪವಾದ ಯುನೈಟ್ ಕ್ಷಮೆ ಕೇಳಿದ್ದು 2013ರಲ್ಲಿ, 50 ವರ್ಷ ಕಳೆದ ಮೇಲೆ. ಅದೇ 2013ರಲ್ಲಿ, ಸಮಾನತೆ ಕಾಯ್ದೆಗೆ ಜಾತಿಯನ್ನೂ ಸೇರಿಸಬೇಕು ಅಂತ ಅಲ್ಲಿನ ಪಾರ್ಲಿಮೆಂಟು ತೀರ್ಮಾನಿಸಿತು. ವಿರೋಧಕ್ಕೆ ನಿಂತವರಲ್ಲಿ ಅಲ್ಲಿನ ಹಿಂದೂ ಸಂಘಟನೆಗಳು ಮುಂದಿದ್ದವು. 2018ರಲ್ಲಿ ಸರ್ಕಾರ ಹಿಂದೆ ಸರೀತು.

ಬಣ್ಣದ ಭೇದಕ್ಕೆ ಕಾನೂನಿನ ರಕ್ಷಣೆ ಬೇಕು, ಜಾತಿಗೆ ಬೇಡ ಅನ್ನೋರ ಹತ್ತಿರ ಕೇಳಬೇಕಾದ ಪ್ರಶ್ನೆ ಒಂದೇ: ನೀವು ಹತ್ತಿದ ಬಸ್ಸಿನ ಬಾಗಿಲು ತೆಗೆಸಿದ್ದು ಯಾರು?

ಜೈ ಭೀಮ್.